ಉರುಳು ಸೇವೆ

ಹೆಣ್ಣು ನೋಡಲು ಹೋದಾಗ ನಮ್ಮಪ್ಪ ಬಲು ಹೆಮ್ಮೆಯಿಂದ ಹೇಳಿದ್ದರು: “ನಮ್ಮ ಹುಡುಗನಿಗೆ ಬೀಡಿ ಇಲ್ಲ, ಸಿಗರೇಟಿಲ್ಲ, ಇಸ್ಪೀಟಿಲ್ಲ. ಹೋಟೆಲ್ ಕಾಫಿ ಕೂಡ ಅಷ್ಟಕ್ಕಷ್ಟೇ.” ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪೂರ್ತಿ ಹೇಳಲಿಲ್ಲ ಅನ್ನುವುದು ನನ್ನ ಹೆಂಡತಿಯ ತಕರಾರು. “ಹುಡುಗನ ಜೊತೆ ಲಂಡನ್ನಿನ ನಾಲ್ಕು ಜನ ಮುದುಕರೂ ಬರ್ತಾರೆ ಅಂತ ಒಂದು ಮಾತು ಅಂದಿದ್ರೆ, ಇನ್ನೊಂದು ರೂಮಿರೋ ಮನೆ ನೋಡಿ ಅಂತಿದ್ದೆ” ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾಳೆ.

ಆ ಮುದುಕರು ಅಂದರೆ ರೋಲಿಂಗ್ ಸ್ಟೋನ್ಸ್. 1962ರಲ್ಲಿ ಲಂಡನ್ನಿನಲ್ಲಿ ಶುರುವಾದ ರಾಕ್ ಬ್ಯಾಂಡ್. ಹಾಡುವವನು ಮಿಕ್ ಜಾಗರ್, ಗಿಟಾರಿಗೆ ಕೀತ್ ರಿಚರ್ಡ್ಸ್. ಇಬ್ಬರೂ 1943ರಲ್ಲಿ ಹುಟ್ಟಿದವರು, ನಮ್ಮಪ್ಪನಿಗಿಂತ ಒಂದು ವರ್ಷ ದೊಡ್ಡವರು. ಡ್ರಮ್ಸಿನ ಚಾರ್ಲಿ ವಾಟ್ಸ್ ಇವರಿಗಿಂತ ಎರಡು ವರ್ಷ ಹಿರಿಯ. ಎರಡನೇ ಗಿಟಾರಿನ ರಾನಿ ವುಡ್ 1975ರಲ್ಲಿ ಬಂದು ಸೇರಿಕೊಂಡವನು. ಇಷ್ಟು ವರ್ಷವಾದರೂ ನನ್ನ ಲೆಕ್ಕದಲ್ಲಿ ಅವನಿನ್ನೂ ಹೊಸಬನೇ.

ನಾನು ತಿಪಟೂರಿನವನು. 1991ರಲ್ಲಿ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಬಂದು ಹಾಸ್ಟೆಲ್ ಸೇರಿದೆ. ಮೊದಲ ವಾರವೇ ಪಕ್ಕದ ರೂಮಿನ ಸೀನಿಯರ್ ಒಬ್ಬ ಟೇಪ್ ರೆಕಾರ್ಡರಿನಲ್ಲಿ ಒಂದು ಹಾಡು ಹಾಕಿದ. ಹಾಡಿಗೆ ಮುಂಚೆ ಡಬ್ಬದಲ್ಲಿ ಸಿಕ್ಕಿಕೊಂಡ ದುಂಬಿಯ ಹಾಗೆ ಗಿಟಾರು ಗುಂಯ್ ಅಂದಿತು. ನಾನು ಬಾಗಿಲಲ್ಲೇ ನಿಂತು, ಊರಿನ ಸಜ್ಜನನ ಹಾಗೆ, “ಅಣ್ಣಾ, ನಿಮ್ಮ ಸ್ಪೀಕರ್ ಹರಿದಿದೆ” ಅಂದೆ. ಅವನು ಎರಡು ನಿಮಿಷ ನನ್ನನ್ನೇ ನೋಡಿದ. ಆಮೇಲೆ ಒಳಗೆ ಕರೆದು ಕೂರಿಸಿದ. ಆವತ್ತು ಕೂತವನು ಇವತ್ತಿಗೂ ಎದ್ದಿಲ್ಲ. ಅದು ‘ಸ್ಯಾಟಿಸ್ಫ್ಯಾಕ್ಷನ್’ ಅನ್ನುವ 1965ರ ಹಾಡು. ಗಿಟಾರಿಗೆ ಫಝ್ ಅನ್ನುವ ಪೆಟ್ಟಿಗೆ ಹಚ್ಚಿದ್ದರು, ಅದಕ್ಕೇ ಹರಿದ ಸ್ಪೀಕರಿನ ಹಾಗೆ ಕೇಳಿಸಿದ್ದು ಎಂದು ಆಮೇಲೆ ತಿಳಿಯಿತು.

ರಜೆಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಕ್ಯಾಸೆಟ್ಟು, ಒಂದು ಪೋಸ್ಟರು ಇತ್ತು. ಕ್ಯಾಸೆಟ್ಟು ತೊಂಬತ್ತು ನಿಮಿಷದ್ದು. ರೆಕಾರ್ಡಿಂಗ್ ಅಂಗಡಿಗೆ ಹಾಡುಗಳ ಪಟ್ಟಿ ಬರೆದುಕೊಟ್ಟು, ನಾಲ್ಕು ದಿನ ಕಾದು ತುಂಬಿಸಿಕೊಂಡಿದ್ದು. ಪೋಸ್ಟರಿನಲ್ಲಿ ಬ್ಯಾಂಡಿನ ಗುರುತು: ಕೆಂಪು ತುಟಿ, ಅದರಿಂದ ಆಚೆ ಬಿದ್ದ ಕೆಂಪು ನಾಲಿಗೆ. ಅದನ್ನು ನಡುಮನೆಯ ಗೋಡೆಗೆ ಅಂಟಿಸುವಾಗ ಅಜ್ಜಿ ಬಂದು ನಿಂತರು.

“ಏನೋ ಮಗಾ ಇದು?”

“ಹಾಡೋರ ಗುಂಪು ಅಜ್ಜಿ. ರೋಲಿಂಗ್ ಸ್ಟೋನ್ಸ್ ಅಂತ. ಉರುಳೋ ಕಲ್ಲುಗಳು.”

“ಉರುಳ್ತಾರಾ?”

“ಹ್ಞೂಂ ಅನ್ನು.”

“ಯಾವ ದೇವಸ್ಥಾನದಲ್ಲಿ?”

ಅಜ್ಜಿಗೆ ಉರುಳುವುದು ಅಂದರೆ ಉರುಳು ಸೇವೆ. ತಾತನಿಗೆ ಟೈಫಾಯಿಡ್ ವಾಸಿಯಾದಾಗ ಒದ್ದೆ ಸೀರೆಯಲ್ಲಿ ಗುಡಿಯ ಸುತ್ತ ಮೂರು ಸುತ್ತು ಉರುಳಿ ಬಂದವರು. ನಾನು ನನ್ನ ಹೊಸ ಪಾಂಡಿತ್ಯ ಬಿಚ್ಚಿದೆ. ಇವರು ಮೊದಲ ಸಲ ಜಾಹೀರಾತು ಕೊಡಲು ಫೋನ್ ಮಾಡಿದಾಗ ಆ ಕಡೆಯವರು ಗುಂಪಿನ ಹೆಸರು ಕೇಳಿದರಂತೆ. ಹೆಸರೇ ಇಟ್ಟಿರಲಿಲ್ಲ. ನೆಲದ ಮೇಲೆ ಮಡ್ಡಿ ವಾಟರ್ಸ್ ಅನ್ನುವ ಅಮೆರಿಕದ ಹಾಡುಗಾರನ ರೆಕಾರ್ಡ್ ಬಿದ್ದಿತ್ತು. ಅದರ ಮೇಲಿದ್ದ ಒಂದು ಹಾಡಿನ ಹೆಸರನ್ನೇ ಹೇಳಿಬಿಟ್ಟರು. ಅಜ್ಜಿ ಪೂರ್ತಿ ಕೇಳಿಸಿಕೊಂಡರು. “ಇರ್ಲಿ ಬಿಡು. ಏನೋ ಹರಕೆ ಇರ್ಬೇಕು. ಸುಮ್ನೆ ಯಾರು ಉರುಳ್ತಾರೆ?” ಅಂದು ಒಳಗೆ ಹೋದರು.

ಮಾರನೇ ದಿನ ಶುಕ್ರವಾರ. ಎದ್ದು ನೋಡಿದರೆ ಪೋಸ್ಟರಿನ ಮೇಲೆ ಅರಿಶಿನ ಕುಂಕುಮ! ಮೇಲುತುಟಿಯ ನಡುವೆ ಒಂದು ಬೊಟ್ಟು, ನಾಲಿಗೆಯ ತುದಿಗೆ ಒಂದು. ಮೇಲೆ ಒಂದು ದಾಸವಾಳ ಬೇರೆ ಸಿಕ್ಕಿಸಿದ್ದರು. ನಾನು ಕೂಗಾಡಿದೆ. “ಕಾಳಮ್ಮನ ನಾಲಿಗೇನ ಹಾಗೇ ಬಿಡ್ತಾರೇನೋ? ಮನೆಗೆ ಒಳ್ಳೇದಲ್ಲ” ಅಂದರು ಅಜ್ಜಿ. ಇದು ಕಾಳಿ ಅಲ್ಲ, ಇಂಗ್ಲೆಂಡಿನದು, ಪಾಪ್ ಆರ್ಟು, ಅದು ಇದು ಅಂತ ಅರ್ಧ ಗಂಟೆ ಭಾಷಣ ಮಾಡಿದೆ. ಈ ಭಾಷಣದ ಸಾಲ ತೀರಿಸಲು ನನಗೆ ಹದಿನಾರು ವರ್ಷ ಬೇಕಾಯಿತು. ಆ ಕತೆ ಮುಂದೆ ಬರುತ್ತದೆ.

ಮೊದಲು ಕ್ಯಾಸೆಟ್ಟಿನ ಕತೆ.

ಕ್ಯಾಸೆಟ್ ಕಾಲದವರಿಗೆ ಗೊತ್ತಿರುತ್ತದೆ. ಅದರ ಬೆನ್ನಿನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಇರುತ್ತಿದ್ದವು. ಅದನ್ನು ಮುರಿದುಹಾಕಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಮಾಡೋಕಾಗಲ್ಲ, ಕೆಂಪು ಗುಂಡಿ ಒತ್ತಿದರೂ ಇಳಿಯಲ್ಲ. ಅಂಗಡಿಯವನು “ಕಿವಿ ಮುರ್ಕೊಳ್ಳಿ” ಅಂತ ಎರಡು ಸಲ ಹೇಳಿದ್ದ. ಹೊಸ ವಸ್ತುವನ್ನು ಮುರಿಯಲು ಮನಸ್ಸು ಬರಲಿಲ್ಲ. ಕ್ಯಾಸೆಟ್ಟನ್ನು ಊರಲ್ಲೇ ಮರೆತು ಬೆಂಗಳೂರಿಗೆ ಬಂದೆ.

1993ರಲ್ಲಿ ಚಿಕ್ಕಮ್ಮನ ಮಗಳ ಮದುವೆ ಗೊತ್ತಾಯಿತು. ಅಜ್ಜಿಗೆ ಹಸೆಗೆ ಕರೆಯೋ ಹಾಡುಗಳು ಹತ್ತಿಪ್ಪತ್ತು ಬಾಯಿಗೆ ಬರುತ್ತಿದ್ದವು. ಅವನ್ನು ಕಲಿತುಕೊಳ್ಳಬೇಕು ಅಂತ ಚಿಕ್ಕಮ್ಮ ಟೇಪ್ ರೆಕಾರ್ಡರ್ ಮುಂದೆ ಅಜ್ಜಿಯನ್ನು ಕೂರಿಸಿದರು. ಕೈಗೆ ಸಿಕ್ಕ ಕ್ಯಾಸೆಟ್ ಹಾಕಿದರು. ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ.

ಮುಂದಿನ ರಜೆಗೆ ಬಂದು, ಬಾಗಿಲು ಹಾಕಿಕೊಂಡು, ಸೌಂಡ್ ಏರಿಸಿ ಕ್ಯಾಸೆಟ್ ಹಾಕಿದೆ. ಗುಂಯ್ ಅಂತ ಗಿಟಾರು ಶುರುವಾಯಿತು. ಹಾಡುವವನು ಬಾಯಿ ತೆರೆಯುವ ಹೊತ್ತಿಗೆ ‘ಟಕ್’. ಒಂದು ಕೆಮ್ಮು. “ಶುರು ಮಾಡ್ಲೇನೇ?” ಅಂತ ಅಜ್ಜಿಯ ದನಿ. ದೂರದಲ್ಲಿ ಕುಕ್ಕರು ಕೂಗಿತು. ಅಲ್ಲಿಂದ ನಲವತ್ತು ನಿಮಿಷ ಅಜ್ಜಿ, ನಡುನಡುವೆ ಚಿಕ್ಕಮ್ಮನ “ಅಯ್ಯೋ ಆ ಸಾಲು ಇನ್ನೊಂದ್ಸಲ ಹೇಳಮ್ಮಾ”, ಹಾಲಿನವನ ಗಂಟೆ, ಮೂರು ವಿಷಲ್ಲು.

ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಯಾರೂ ಗಮನಿಸಲಿಲ್ಲ ಅನ್ನುವುದು ಬೇರೆ ಮಾತು.

ವಿಚಿತ್ರ ಏನು ಗೊತ್ತಾ? ಆ ಹಾಡು ಹುಟ್ಟಿದ್ದೂ ಹೀಗೆ ಹಾಳಾದ ಒಂದು ಕ್ಯಾಸೆಟ್ಟಿನಿಂದ. ಕೀತ್ ತಾನೇ ಹೇಳಿಕೊಂಡ ಕತೆ ಇದು. ರಾತ್ರಿ ಮಲಗುವಾಗ ಹಾಸಿಗೆ ಪಕ್ಕ ಗಿಟಾರು, ಟೇಪ್ ರೆಕಾರ್ಡರು ಇಟ್ಟುಕೊಂಡಿದ್ದ. ಬೆಳಗ್ಗೆ ಎದ್ದು ನೋಡಿದರೆ ಟೇಪು ಕೊನೆಯ ತನಕ ಓಡಿಬಿಟ್ಟಿದೆ. ತಾನು ಏನನ್ನೂ ನುಡಿಸಿದ ನೆನಪಿಲ್ಲ. ಹಿಂದಕ್ಕೆ ತಿರುಗಿಸಿ ಕೇಳಿದರೆ ಮೊದಲು ಸ್ವಲ್ಪ ಹೊತ್ತು ಆ ಗಿಟಾರಿನ ಸಾಲು, ಆಮೇಲೆ ನಲವತ್ತು ನಿಮಿಷ ಅವನದೇ ಗೊರಕೆ! ನಿದ್ದೆಗಣ್ಣಿನಲ್ಲಿ ಎದ್ದು, ನುಡಿಸಿ, ಮತ್ತೆ ಮಲಗಿದ್ದಾನೆ. ಗಿಟಾರು ಸ್ವಲ್ಪ, ಉಳಿದಿದ್ದೆಲ್ಲ ಮನೆಯ ಸದ್ದು. ನನ್ನ ಕ್ಯಾಸೆಟ್ಟೂ ಲೆಕ್ಕಕ್ಕೆ ಸರಿಯಾಗಿ ಅದೇ.

ಇನ್ನೊಂದು ವಿಷಯವಿದೆ. ಸ್ಟುಡಿಯೋದಲ್ಲಿ ಕೀತ್ ಆ ಸಾಲನ್ನು ಗಿಟಾರಿನಲ್ಲಿ ನುಡಿಸಿದ್ದು ಬರೀ ಗುರುತಿಗೆ. ಆ ಜಾಗಕ್ಕೆ ಊದುವ ವಾದ್ಯದವರನ್ನು ಕರೆಸಬೇಕು ಅಂತ ಅವನ ಆಸೆ. ಉಳಿದವರು ಕಾಯಲಿಲ್ಲ, ಹಾಗೇ ಬಿಡುಗಡೆ ಮಾಡಿದರು. ಅಮೆರಿಕದಲ್ಲಿ ಅವರಿಗೆ ಮೊದಲ ನಂಬರ್ ಒನ್ ಸ್ಥಾನ ತಂದುಕೊಟ್ಟಿದ್ದು ಅದೇ ಹಾಡು.

ನಮ್ಮಪ್ಪ ಟ್ರೆಷರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಅವರಿಗೆ ಸ್ಟೋನ್ಸ್ ಬಗ್ಗೆ ಗೌರವ ಹುಟ್ಟಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಜಾಗರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಓದಿದವನು ಅಂದೆ. ಕನ್ನಡಕ ತೆಗೆದು ಕೇಳಿದರು: “ಪಾಸಾದನಾ?” ನಡುವೆ ಬಿಟ್ಟ ಅಂದೆ. ಕನ್ನಡಕ ಹಾಕಿಕೊಂಡರು. 2003ರಲ್ಲಿ ಜಾಗರಿಗೆ ಅರಮನೆಯಲ್ಲಿ ನೈಟ್‌ಹುಡ್ ಕೊಟ್ಟರು, ಇನ್ನು ಮೇಲೆ ಅವನು ಸರ್ ಮಿಕ್ ಅಂದೆ. “ನಮಗೆ ಸರ್ ಅಂದ್ರೆ ಸರ್ ಎಂ.ವಿ. ಅವರು ಕಟ್ಟೆ ಕಟ್ಟಿಸಿದ್ರು. ಈ ಸರ್ ಎಂ.ಜೆ. ಏನು ಕಟ್ಟಿಸಿದ?” ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಅಪ್ಪನಿಗೆ ಇಷ್ಟವಾದವನು ಚಾರ್ಲಿ ವಾಟ್ಸ್ ಒಬ್ಬನೇ. ಅವನು ಊರೂರು ತಿರುಗುವಾಗ ತಾನು ಮಲಗಿದ ಪ್ರತಿಯೊಂದು ಹೋಟೆಲ್ ಮಂಚದ ಚಿತ್ರ ಬರೆದಿಡುತ್ತಿದ್ದ. 1967ರಿಂದ ಬಿಡದೆ. ಇದು ಕಲಾವಿದನ ಏಕಾಂತ ಅಂತ ನಾನು ವಿವರಿಸಲು ಹೊರಟೆ. ಅಪ್ಪ ತಡೆದರು. “ಏಕಾಂತ ಅಲ್ಲಪ್ಪ. ಟಿ.ಎ. ಬಿಲ್ಲಿಗೆ ಪ್ರೂಫು. ಹುಡುಗ ಶಿಸ್ತಿನವನು.” ಅದೇ ಚಾರ್ಲಿ ಹಳೇ ಕಾಲದ ದುಬಾರಿ ಕಾರುಗಳನ್ನು ಕೊಂಡು ಇಟ್ಟುಕೊಂಡಿದ್ದ, ಆದರೆ ಅವನಿಗೆ ಡ್ರೈವಿಂಗೇ ಬರುತ್ತಿರಲಿಲ್ಲ ಅನ್ನುವುದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಇದ್ದ ಒಂದು ಗೌರವವನ್ನೂ ಯಾಕೆ ಕಳೆಯಬೇಕು?

ಅಮ್ಮ ಇನ್ನೂ ಸೀದಾ. 1971ರ ‘ಸ್ಟಿಕಿ ಫಿಂಗರ್ಸ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಜೀನ್ಸ್ ಪ್ಯಾಂಟಿನ ಫೋಟೋ ಇತ್ತು. ಅಮೆರಿಕದ ಕಲಾವಿದ ಆಂಡಿ ವಾರ್ಹೋಲನ ಐಡಿಯಾ. ಫೋಟೋಗೆ ನಿಜವಾದ ಜಿಪ್ಪನ್ನೇ ಹಾಕಿದರು. ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿ ಕಳಿಸಿದಾಗ ಆ ಜಿಪ್ಪು ಮೇಲಿನ ರೆಕಾರ್ಡಿಗೆ ಒತ್ತಿ ಹಾಡೇ ಹಾಳಾಯಿತು. ಕೊನೆಗೆ ಜಿಪ್ಪನ್ನು ಅರ್ಧಕ್ಕೆ ಎಳೆದು ಕಳಿಸಿದರು. ಆಗ ಅದು ರೆಕಾರ್ಡಿನ ನಡುವಿನ ಕಾಗದಕ್ಕೆ ಒತ್ತುತ್ತಿತ್ತು, ಹಾಡು ಉಳಿಯಿತು. ಎಂಥ ತಲೆ ಅಲ್ವಾ ಅಂದೆ. ಅಮ್ಮ ಬಟ್ಟೆ ಮಡಿಸುತ್ತಾ ಹೇಳಿದರು: “ಜಿಪ್ ಇರೋ ಪ್ಯಾಂಟಿನ ಜೊತೆ ರೇಷ್ಮೆ ಸೀರೆ ಇಡಬಾರ್ದು ಅಂತ ಅವರಮ್ಮಂದಿರು ಹೇಳ್ಕೊಟ್ಟಿರಲಿಲ್ವಾ?”

ಈಗ 2003ಕ್ಕೆ ಬರೋಣ. ಏಪ್ರಿಲ್ 4, ಶುಕ್ರವಾರ. ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದರು. ಇಂಡಿಯಾದಲ್ಲಿ ಅವರ ಮೊದಲ ಕಾರ್ಯಕ್ರಮ. ಆಮೇಲೆ ಮುಂಬೈ. ಹೌದು, ಮೊದಲು ನಮಗೆ, ಆಮೇಲೆ ಮುಂಬೈಯವರಿಗೆ. ಇದನ್ನು ಮುಂಬೈಯಲ್ಲಿರುವ ನನ್ನ ಭಾವನಿಗೆ ವರ್ಷಕ್ಕೊಮ್ಮೆಯಾದರೂ ನೆನಪಿಸುತ್ತೇನೆ.

ಟಿಕೆಟ್ಟಿನ ಬೆಲೆಯನ್ನು ಅಪ್ಪನಿಗೆ ಅರ್ಧ ಹೇಳಿದೆ. ಅರ್ಧಕ್ಕೇ ಅವರು ಎದೆ ಹಿಡಿದುಕೊಂಡರು. ಫುಟ್‌ಪಾತಿನಲ್ಲಿ ಒಂದು ಬಿಳಿ ಟೀ ಶರ್ಟ್ ಕೊಂಡೆ, ಎದೆ ತುಂಬ ಕೆಂಪು ನಾಲಿಗೆ. “ಬಣ್ಣ ಹೋಗಲ್ವಾ?” ಅಂತ ಕೇಳಿದೆ. “ಗ್ಯಾರಂಟಿ ಸಾರ್” ಅಂದ. ಬಣ್ಣ ಹೋಗುವುದು ಗ್ಯಾರಂಟಿ ಅನ್ನುವ ಅರ್ಥದಲ್ಲಿ ಅಂದಿದ್ದ ಅಂತ ಕಾಣುತ್ತೆ.

ಬೆಂಗಳೂರಿನ ಏಪ್ರಿಲ್ ಗೊತ್ತಲ್ಲ. ಮಾವಿನಕಾಯಿ ಮಳೆ. ಸುರಿಯಿತು ನೋಡಿ! ಅರಮನೆ ಮೈದಾನ ಗದ್ದೆಯಾಯಿತು. ನನ್ನ ಮುಂದೆ ಆರಡಿ ಮೇಲಿನ ಆಸಾಮಿಯೊಬ್ಬ ಹೆಗಲ ಮೇಲೆ ಗೆಳೆಯನನ್ನು ಬೇರೆ ಕೂರಿಸಿಕೊಂಡಿದ್ದ. ಹನ್ನೆರಡು ವರ್ಷ ಪೂಜೆ ಮಾಡಿದ ದೇವರು ನನಗೆ ಕಂಡಿದ್ದು ಇವರಿಬ್ಬರ ಸಂದಿಯಲ್ಲಿ, ಹೆಬ್ಬೆರಳ ಉಗುರಿನಷ್ಟು. ಉಗುರಿನಷ್ಟಾದರೂ ಏನು ಕುಣಿತ! ಜಾಗರಿಗೆ ಆಗ ಐವತ್ತೊಂಬತ್ತು. ನನಗೆ ಮೂವತ್ತು, ಎರಡು ಹಾಡಿಗೇ ಮಂಡಿ ಹಿಡಿದುಕೊಂಡಿತು. ಮೂರನೆಯದಕ್ಕೆ ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ಎತ್ತಲು ಬಗ್ಗಿದೆ. ಬಗ್ಗಿದವನನ್ನು ಹಿಂದಿನವರು ತಳ್ಳಿದರು. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಚಪ್ಪಲಿ ಸಿಗಲಿಲ್ಲ. ಇವತ್ತಿಗೂ ಅಲ್ಲೇ ಎಲ್ಲೋ ಇರಬೇಕು. ಅಲ್ಲಿ ನಡೆಯುವ ಮದುವೆಗಳಿಗೆ ಹೋದಾಗ ಕಣ್ಣು ತಾನಾಗಿ ನೆಲ ನೋಡುತ್ತದೆ.

ರಾತ್ರಿ ಸ್ಕೂಟರಿನಲ್ಲಿ ರಾಜಾಜಿನಗರಕ್ಕೆ ಮರಳುವಾಗ ದಾರಿಯಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. ಟಾರ್ಚು ಎದೆಯ ಮೇಲೆ ಬಿತ್ತು. ಪೇದೆ ಎರಡು ಹೆಜ್ಜೆ ಹಿಂದಕ್ಕೆ ಹೋದ.

“ಏನ್ ಸಾರ್, ಆಕ್ಸಿಡೆಂಟಾ? ಆಸ್ಪತ್ರೆಗೆ ಹೋಗ್ಬೇಕಾ?”

ಬಗ್ಗಿ ನೋಡಿಕೊಂಡೆ. ನಾಲಿಗೆ ಕರಗಿ ಹೊಟ್ಟೆ ಮೇಲಿಂದ ಪ್ಯಾಂಟಿಗೆ ಇಳಿದಿತ್ತು.

“ಇಲ್ಲ ಸಾರ್. ನಾಲಿಗೆ.”

“ನಾಲಿಗೆ ಕಚ್ಕೊಂಡ್ರಾ?”

ಮನೆಯಲ್ಲಿ ಬಾಗಿಲು ತೆಗೆದ ಅಮ್ಮ ಕಿರುಚಿದರು. ಅಪ್ಪ ಓಡಿ ಬಂದರು. ಆಗ ಅಜ್ಜಿಯೂ ನಮ್ಮ ಜೊತೆ ಬೆಂಗಳೂರಲ್ಲೇ ಇದ್ದರು. ನಿಧಾನಕ್ಕೆ ಕೋಲೂರಿಕೊಂಡು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒದ್ದೆ ಬಟ್ಟೆ, ತಲೆಯಿಂದ ಕಾಲಿನವರೆಗೆ ಕೆಸರು, ಎದೆ ತುಂಬ ಕುಂಕುಮದ ಬಣ್ಣ, ಕಾಲಲ್ಲಿ ಒಂದೇ ಚಪ್ಪಲಿ.

“ಕಿರುಚಬೇಡ್ವೇ. ಉರುಳು ಸೇವೆ ಮುಗಿಸಿ ಬಂದಿದಾನೆ ಮಗು. ಬಿಸಿನೀರು ಕಾಯ್ಸು” ಅಂದರು.

ಅದೇ ವರ್ಷದ ಕೊನೆಗೆ ಮದುವೆಯಾಯಿತು. ಹೆಂಡತಿ ಬಂದ ಮೇಲೆ ಬ್ಯಾಂಡಿಗೆ ಹೊಸ ಹೆಸರು ಬಂತು: ‘ನಿಮ್ಮ ರುಬ್ಬೋ ಕಲ್ಲು.’ “ರೀ, ನಿಮ್ಮ ರುಬ್ಬೋ ಕಲ್ಲು ನಿಲ್ಸಿ, ನನ್ನ ರುಬ್ಬೋ ಕಲ್ಲು ತಿರುಗ್ತಿದೆಯೋ ಇಲ್ವೋ ಕೇಳಿಸ್ತಿಲ್ಲ” ಅಂತ ಅಡುಗೆಮನೆಯಿಂದ ಕೂಗುತ್ತಾಳೆ. ಒಂದು ಭಾನುವಾರ ಗ್ರೈಂಡರ್ ನೋಡಿಕೊಳ್ಳಲು ನನಗೆ ಹೇಳಿ ತರಕಾರಿಗೆ ಹೋದಳು. ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಎದುರಿಗೇ ಕೂತೆ. ಕಲ್ಲು ಉದ್ದಿನಬೇಳೆಯಲ್ಲಿ ಸಿಕ್ಕಿ ನಿಂತಿತು, ಕೆಳಗೆ ಮೋಟಾರು ಮಾತ್ರ ತಿರುಗುತ್ತಲೇ ಇತ್ತು. ನನ್ನ ಕಿವಿಯ ಕಲ್ಲುಗಳು ಜೋರಾಗಿ ಉರುಳುತ್ತಿದ್ದವಲ್ಲ, ಗೊತ್ತಾಗಲಿಲ್ಲ. ರಬ್ಬರ್ ಸುಟ್ಟ ವಾಸನೆಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ಅದೂ ಕೇಳಿಸಲಿಲ್ಲ. ಬೆಲ್ಟಿಗೆ ಆದ ಖರ್ಚನ್ನು ಅವಳು ಇವತ್ತಿಗೂ ‘ಜಾಗರ್ ಸಾಲ’ ಅಂತ ಬರೆದಿಟ್ಟಿದ್ದಾಳೆ.

ಆದರೂ ಅವಳಿಗೆ ಕೀತ್ ಬಗ್ಗೆ ಒಳಗೊಳಗೇ ಅನುಕಂಪವಿದೆ. ಅವನು ಪ್ರವಾಸದಲ್ಲಿರುವಾಗ ಶೆಪರ್ಡ್ಸ್ ಪೈ ಅನ್ನುವ ತಿನಿಸಿನ ಮೇಲಿನ ಹೊರಪದರವನ್ನು ಅವನಿಗಿಂತ ಮುಂಚೆ ಯಾರೂ ಒಡೆಯುವ ಹಾಗಿಲ್ಲವಂತೆ. “ಮೊಸರಿನ ಕೆನೆ ನನಗೇ ಬೇಕು ಅಂತ ಐವತ್ತು ವರ್ಷದ ಗಂಡಸು ಮುಖ ಊದಿಸ್ಕೊಳ್ಳೋದು ಈ ಮನೇಲೂ ಇದೆ” ಅಂದಳು. ನಾನು ಮಾತು ಬದಲಿಸಿದೆ.

2006ರಲ್ಲಿ ಕೀತ್ ಫಿಜಿ ದ್ವೀಪದಲ್ಲಿ ಮರದಿಂದ ಬಿದ್ದ. ತಲೆಗೆ ಪೆಟ್ಟಾಗಿ ನ್ಯೂಜಿಲೆಂಡಿನಲ್ಲಿ ಆಪರೇಷನ್ ಆಯಿತು. ಆಗವನಿಗೆ ಅರವತ್ತೆರಡು. ತೆಂಗಿನ ಮರದಿಂದ ಬಿದ್ದ ಅಂತ ಪತ್ರಿಕೆಗಳು ಬರೆದವು. ನಾನು ಆ ದಿನ ತಿಪಟೂರಿನಲ್ಲಿದ್ದೆ. ತೆಂಗಿನ ಮರ ಅಂದಮೇಲೆ ನಮ್ಮೂರಿಗಿಂತ ದೊಡ್ಡ ಕೋರ್ಟು ಇದೆಯಾ? ನಮ್ಮ ತೋಟದಲ್ಲಿ ಕಾಯಿ ಕೀಳುವವನಿಗೆ ಹೇಳಿದೆ. ಅವನು ಬೀಡಿ ಆರಿಸಿ ಗಂಭೀರವಾಗಿ ಕೇಳಿದ: “ಎಳನೀರಿಗೆ ಹತ್ತಿದ್ರಾ, ಕಾಯಿಗಾ?” ಗೊತ್ತಿಲ್ಲ ಅಂದೆ. “ತೆಂಗಿನ ಮರದಿಂದ ಬಿದ್ದೋನು ಆಪರೇಷನ್ ಮಾಡಿಸ್ಕೊಳ್ಳೋಕೆ ಉಳಿಯಲ್ಲ ಸ್ವಾಮಿ. ಯಾವ್ದೋ ಸೀಬೆ ಗಿಡ ಇರ್ಬೇಕು” ಅಂದ. ಎಷ್ಟೋ ಕಾಲದ ಮೇಲೆ ಕೀತನೇ ಬರೆದುಕೊಂಡ: ಅದು ತೆಂಗಿನ ಮರ ಅಲ್ಲ, ಯಾವುದೋ ಗಿಡ್ಡ ಮರ, ಕೂತಿದ್ದ ಕೊಂಬೆ ಸುಮಾರು ಏಳಡಿ ಎತ್ತರದಲ್ಲಿತ್ತು ಅಂತ.

ಇನ್ನು ಆ ನಾಲಿಗೆಯ ಸಾಲ. 2008ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ನಾಲಿಗೆಯ ಮೂಲ ಚಿತ್ರವನ್ನು ಹರಾಜಿನಲ್ಲಿ 92,500 ಡಾಲರಿಗೆ ಕೊಂಡಿತು. ಆ ಸುದ್ದಿ ಓದುವಾಗ ಪೂರ್ತಿ ಕತೆ ಸಿಕ್ಕಿತು. 1970ರಲ್ಲಿ ಅದನ್ನು ಬರೆದವನು ಜಾನ್ ಪ್ಯಾಶ್ ಅನ್ನುವ ಕಲಾ ವಿದ್ಯಾರ್ಥಿ. ಅವನಿಗೆ ಕೊಟ್ಟ ಕೂಲಿ 50 ಪೌಂಡು. ಬರೆಯುವ ಮುಂಚೆ ಜಾಗರ್ ಅವನಿಗೆ ಒಂದು ಚಿತ್ರ ತೋರಿಸಿದ್ದನಂತೆ. ನಾಲಿಗೆ ಚಾಚಿದ ಕಾಳಿಯ ಚಿತ್ರ!

ಪೇಪರು ಹಿಡಿದುಕೊಂಡು ಅಜ್ಜಿಯ ಕೋಣೆಗೆ ಹೋದೆ. ಆಗ ಅವರಿಗೆ ತೊಂಬತ್ತರ ಹತ್ತಿರ. ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದೆ. ತಪ್ಪಾಯ್ತು ಅಂದೆ. ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಎಷ್ಟಕ್ಕೆ ಹೋಯ್ತು ಅಂದೆ?”

ರೂಪಾಯಿ ಲೆಕ್ಕದಲ್ಲಿ ಮೂವತ್ತೈದು ಲಕ್ಷದ ಮೇಲೆ ಅಂದೆ.

“ಕುಂಕುಮ ಇಟ್ಟಿದ್ದು ನಾನು. ದುಡ್ಡು ಅವರಿಗಾ?”

ಅಜ್ಜಿ ಹೋಗಿದ್ದು ಅದಾದ ಎರಡು ವರ್ಷಕ್ಕೆ.

ನಲವತ್ತು ತುಂಬಿದಾಗ ಗಿಟಾರನ್ನೂ ಕೊಂಡೆ. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಕ್ಲಾಸಿನಲ್ಲಿ ಉಳಿದವರೆಲ್ಲ ಎಂಟು ಒಂಬತ್ತು ವರ್ಷದವರು. ಕೀತ್ ಎಷ್ಟೋ ಹಾಡುಗಳಿಗೆ ಆರನೇ ತಂತಿ ತೆಗೆದುಹಾಕಿ ಐದರಲ್ಲೇ ನುಡಿಸುತ್ತಾನೆ ಅಂತ ಗೊತ್ತಿತ್ತು. ಕಲಿಯಲು ಒಂದು ಕಡಿಮೆಯಾಯಿತು ಅಂತ ಖುಷಿಯಿಂದ ನಾನೂ ತೆಗೆದೆ. ಮೇಷ್ಟ್ರು ಬೇಜಾರಾದರು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ “ಅಂಕಲ್, ಹಾಗೇ ಒಂದೊಂದೇ ತೆಗೀತಾ ಬನ್ನಿ, ಈಸಿಯಾಗುತ್ತೆ” ಅಂದಳು. ಗಿಟಾರು ಈಗ ಅಟ್ಟದ ಮೇಲಿದೆ, ಐದು ತಂತಿಯ ಜೊತೆ.

2021ರ ಆಗಸ್ಟ್ 24ರಂದು ಚಾರ್ಲಿ ವಾಟ್ಸ್ ತೀರಿಕೊಂಡ. ಎಂಬತ್ತು ವರ್ಷ. ನಮ್ಮ ಕಡೆ ರಾತ್ರಿ ಸುದ್ದಿ ಬಂತು. ಮಾರನೇ ದಿನ ಕೆಲಸ ಮಾಡುವ ಮನಸ್ಸಾಗಲಿಲ್ಲ. ಹತ್ತಿರದವರೊಬ್ಬರು ಹೋದರು, ರಜೆ ಬೇಕು ಅಂತ ಮ್ಯಾನೇಜರಿಗೆ ಬರೆದೆ. ಅವರು ಪಾಪ ಕೂಡಲೇ ಫೋನ್ ಮಾಡಿದರು. ಕೊರೋನಾ ಕಾಲ ಬೇರೆ.

“ಯಾವ ಊರಲ್ಲಿದ್ರು?”

“ಲಂಡನ್ ಸಾರ್.”

“ಛೆ. ಹೋಗೋಕೂ ಆಗಲ್ಲ. ತುಂಬಾ ಹತ್ತಿರದೋರಾ?”

“ಮೂವತ್ತು ವರ್ಷದಿಂದ ಗೊತ್ತು ಸಾರ್. ತುಂಬಾ ಕಡಿಮೆ ಮಾತು.”

ಹೆಂಡತಿ ಕಾಫಿ ತಂದಿಟ್ಟು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಕೇಳಿದಳು: “ರೀ, ತಲೆಗೆ ನೀರು ಹಾಕ್ಕೋಬೇಕಾ ಹೇಗೆ? ಸೂತಕ ಇದೆಯಾ?” ತಮಾಷೆ ಮಾಡುತ್ತಿದ್ದಾಳೆ ಅಂತ ನೋಡಿದೆ. ಇಲ್ಲ, ನಿಜವಾಗಿ ಕೇಳಿದ್ದಳು.

ಚಾರ್ಲಿ ಹೋದ ಮೇಲೆ ಕ್ಯಾಸೆಟ್ಟಿನ ಚಿಂತೆ ಹತ್ತಿತು. ಅದರ ರಿಬ್ಬನ್ನಿಗೆ ಅಲ್ಲಲ್ಲಿ ಬಿಳಿ ಬೂಜು ಹಿಡಿದಿತ್ತು. ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಹುಡುಗನೊಬ್ಬನ ಹತ್ತಿರ ಇಬ್ಬರೂ ಹೋದೆವು. ಅವನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಹೇಳಿದ: “ಸಾರ್, ಇಂಗ್ಲಿಷ್ ಹಾಡಿನ ನಡುವೆ ಯಾರೋ ಅಜ್ಜಿ ಹಾಡ್ತಿದಾರೆ. ಕಟ್ ಮಾಡ್ಲಾ?”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದಳು: “ಅಜ್ಜೀನ ಇಟ್ಕೊಳ್ಳಿ. ಇಂಗ್ಲಿಷ್ ಕಟ್ ಮಾಡಿ.”

ಅವನು ಮಾಡಿದ. ಪೂರ್ತಿ ಮಾಡಲಿಲ್ಲ ಅನ್ನುವುದು ಮೊನ್ನೆ ಗೊತ್ತಾಯಿತು.

ಮೊನ್ನೆ ಅಂದರೆ ಚಿಕ್ಕಮ್ಮನ ಮೊಮ್ಮಗಳ ಮದುವೆಯಲ್ಲಿ. 1993ರಲ್ಲಿ ಯಾರ ಮದುವೆಗೆ ಅಂತ ನನ್ನ ಕ್ಯಾಸೆಟ್ ಹಾಳಾಯಿತೋ, ಅವಳದೇ ಮಗಳು. ತಿಪಟೂರಿನಲ್ಲೇ ಛತ್ರ. ಈಗ ಹಸೆಗೆ ಕರೆಯೋ ಹಾಡು ಬರುವವರು ಮನೆಯಲ್ಲಿ ಯಾರೂ ಇಲ್ಲ. ಚಿಕ್ಕಮ್ಮನೂ ಕಲಿಯಲಿಲ್ಲ, ಮೂರು ಸಾಲಿಗೆ ಬಿಟ್ಟುಬಿಟ್ಟಿದ್ದರು. “ಅಮ್ಮಂದೇ ಹಾಕೋಣ” ಅಂದರು. ಪೆನ್‌ಡ್ರೈವನ್ನು ಮೈಕಿನವನಿಗೆ ಕೊಟ್ಟೆ. ಹಳೇ ರೆಕಾರ್ಡಿಂಗು, ದನಿ ಸಣ್ಣದು, ಸ್ವಲ್ಪ ಜೋರಾಗಿ ಇಡಪ್ಪ ಅಂದೆ. ಅವನು ಪೂರ್ತಿ ತಿರುಗಿಸಿದ.

ಹೆಣ್ಣನ್ನು ಕರೆತಂದರು. ಪುರೋಹಿತರು ಕೈ ತೋರಿಸಿದರು. ಛತ್ರದ ಆರೂ ಸ್ಪೀಕರಿನಿಂದ ಗುಂಯ್ ಅಂತ ಗಿಟಾರು ಸ್ಫೋಟಿಸಿತು. ಅಕ್ಷತೆ ಹಿಡಿದಿದ್ದ ಒಬ್ಬರ ಕೈಯಿಂದ ಬಟ್ಟಲೇ ಬಿತ್ತು. ಒಂದು ಮಗು ಅಳಲು ಶುರು ಮಾಡಿತು. ಆಮೇಲೆ ‘ಟಕ್’. ಒಂದು ಕೆಮ್ಮು.

“ಶುರು ಮಾಡ್ಲೇನೇ?”

ಚಿಕ್ಕಮ್ಮ ಹಸೆಮಣೆಯ ಪಕ್ಕದಿಂದಲೇ “ಮಾಡಮ್ಮಾ” ಅಂದುಬಿಟ್ಟರು.

ಅಜ್ಜಿ ಹಾಡಿದರು. ಕುಕ್ಕರು ಕೂಗಿತು. ಹಾಲಿನವನ ಗಂಟೆ ಬಂತು. ಐನೂರು ಜನರಿದ್ದ ಛತ್ರದಲ್ಲಿ ಅಡುಗೆಯವರ ಸೌಟಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಾಡು ಮುಗಿದ ಮೇಲೂ ಯಾರೂ ಮಾತಾಡಲಿಲ್ಲ. ವಾಲಗದವರಲ್ಲಿ ನಾದಸ್ವರದ ಹಿರಿಯರು ಅಷ್ಟು ಹೊತ್ತೂ ತಲೆ ಓರೆ ಮಾಡಿ ಕೇಳುತ್ತಿದ್ದವರು, ವಾದ್ಯ ಎತ್ತಿ ಬಾಯಿಗಿಟ್ಟರು. ಮಂಗಳವಾದ್ಯ ಬರುತ್ತೆ ಅಂದುಕೊಂಡೆವು. ಬಂದಿದ್ದು ಆ ಮೂರು ಸ್ವರದ ಸಾಲು. ಒಂದು ಸಲ ನಿಧಾನಕ್ಕೆ, ಹುಡುಕುವ ಹಾಗೆ. ಎರಡನೇ ಸಲಕ್ಕೆ ಡೋಲಿನವನು ಸೇರಿಕೊಂಡ. ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ಪುರೋಹಿತರು ಗಡಿಯಾರ ನೋಡಿದರು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು ಅಂತ ಕಾಣುತ್ತೆ, ಬಿಟ್ಟರು.

ಊಟದ ಪಂಕ್ತಿಯಲ್ಲಿ ಆ ಹಿರಿಯರ ಪಕ್ಕದ ಎಲೆ ನನಗೆ ಸಿಕ್ಕಿತು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಕೇಳಿದರು:

“ಸಾರ್, ಆ ಟ್ಯೂನು ಯಾವ ಪಿಚ್ಚರ್ದು?”

“ಪಿಚ್ಚರ್ದಲ್ಲ. ಇಂಗ್ಲಿಷ್ ಹಾಡು. ಗಿಟಾರಿಂದು.”

ಅವರು ಹೋಳಿಗೆ ಮುರಿಯುತ್ತಾ ತಲೆಯಾಡಿಸಿದರು. “ಅದು ಊದೋಕೆ ಅಂತ ಮಾಡಿದ ಟ್ಯೂನು ಸಾರ್. ತಂತಿ ಮೇಲೆ ಯಾಕೆ ಹಾಕಿದ್ರು?”